ನಿಂತು ಹಾಳಾದ ಪಿಕಪ್ಪನ್ನು ಮನೆ ಅಂಗಳದಲ್ಲೇ ರಿಪೇರಿ ಮಾಡುವುದು ಹೇಗೆ

ನಮ್ಮ ಕಾಕಾನ ಪಿಕಪ್ ಅಣ್ಣಿಗೇರಿಯ ಹೊಲದ ಮನೆ ಹಿಂದೆ ಬೇವಿನ ಮರದ ಕೆಳಗೆ ಒಂಬತ್ತು ವರ್ಷ ನಿಂತಿತ್ತು. 2003ರ ಮಹೀಂದ್ರ, ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಇಂಜಿನ್. ಒಣಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಹೇರಿಕೊಂಡು ಅಮರಗೋಳದ ಎಪಿಎಂಸಿಗೆ ಎಷ್ಟು ಸಲ ಹೋಗಿ ಬಂದಿದೆಯೋ ಲೆಕ್ಕವಿಲ್ಲ. 2014ರಲ್ಲಿ ಕ್ಲಚ್ ಜಾರುತ್ತಿದೆ ಅಂತ ಕಾಕಾ ಒಂದು ವಾರದ ಮಟ್ಟಿಗೆ ನಿಲ್ಲಿಸಿದರು. ಆ ವಾರ ಮುಗಿಯಲೇ ಇಲ್ಲ. 2023ರಲ್ಲಿ ಗುಜರಿಯವನು ಬಂದು ಕಬ್ಬಿಣದ ತೂಕದಲ್ಲಿ ರೇಟು ಹೇಳಿದಾಗ ನನಗೆ ಹೊಟ್ಟೆ ಚುರುಕ್ ಅಂದಿತು. ಚಕ್ರ ತಿರುಗುತ್ತಲೇ ಇರಲಿಲ್ಲ. ಕ್ರೇನಿನಿಂದ ಎತ್ತಿ ಲಾರಿಗೆ ಹಾಕಿಸಿ ಹುಬ್ಬಳ್ಳಿಯ ಉಣಕಲ್ಲಿನಲ್ಲಿರುವ ನಮ್ಮ ಮನೆ ಅಂಗಳಕ್ಕೆ ತಂದೆ.

ನಾನು ಮೆಕ್ಯಾನಿಕ್ ಅಲ್ಲ. ಪಾನಾ (ಸ್ಪ್ಯಾನರ್) ಹಿಡಿಯಲು ಬರುತ್ತದೆ, ಅಷ್ಟೇ. ಗೋಕುಲ ರಸ್ತೆಯ ಕಡೆಯ ಹಿರಿಯ ಮಿಸ್ತ್ರಿ ಒಬ್ಬರನ್ನು ಕರೆತಂದು ತೋರಿಸಿದೆ. ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿ, ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಒಂದೇ ಮಾತು: "ಸರ್ರ, ಇದು ಓಡಿ ಹಾಳಾಗಿಲ್ರಿ. ನಿಂತು ಹಾಳಾಗೇತಿ."

ಮುಂದಿನ ಹದಿನಾಲ್ಕು ತಿಂಗಳ ಭಾನುವಾರಗಳಲ್ಲಿ ಈ ಮಾತಿನ ಅರ್ಥ ಒಂದೊಂದಾಗಿ ತಿಳಿಯಿತು. ಓಡಿ ಹಾಳಾದ ಗಾಡಿಯಲ್ಲಿ ಬೇರಿಂಗ್, ರಿಂಗ್, ಗೇರಿನ ಹಲ್ಲು ಸವೆದಿರುತ್ತವೆ. ನಿಂತು ಹಾಳಾದ ಗಾಡಿಯಲ್ಲಿ ಅವೆಲ್ಲ ಚೆನ್ನಾಗಿರಬಹುದು. ಆದರೆ ರಬ್ಬರ್ ಒಣಗಿರುತ್ತದೆ, ಎಣ್ಣೆ ಅಂಟಾಗಿರುತ್ತದೆ, ತಿರುಗಬೇಕಾದದ್ದು ಕಚ್ಚಿಕೊಂಡಿರುತ್ತದೆ, ಇಲಿ ಮನೆ ಮಾಡಿರುತ್ತದೆ. ಹಾಗಾಗಿ ಕೆಲಸದ ಕ್ರಮವೂ ಬೇರೆ. ಜಾಸ್ತಿ ಜನ ಪೇಂಟಿನಿಂದ ಶುರು ಮಾಡುತ್ತಾರೆ, ಇಲ್ಲವೇ ಬೇರೆ ಗಾಡಿಯ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುತ್ತಾರೆ. ಎರಡೂ ತಪ್ಪು. ಎರಡನೆಯದಂತೂ ಚೆನ್ನಾಗಿರುವ ಇಂಜಿನ್ನನ್ನು ಒಂದೇ ನಿಮಿಷದಲ್ಲಿ ಹಾಳು ಮಾಡಬಹುದು.

ಪಾನಾ ಮುಟ್ಟುವ ಮೊದಲು ಕಾಗದ

ಗಾಡಿ ಎಷ್ಟೇ ಚೆನ್ನಾಗಿ ತಯಾರಾದರೂ ಕಾಗದ ಇಲ್ಲದಿದ್ದರೆ ಅದು ಅಂಗಳದ ಅಲಂಕಾರ ಮಾತ್ರ. ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಆರ್‌ಸಿ ಯಾರ ಹೆಸರಲ್ಲಿದೆ, ಫಿಟ್‌ನೆಸ್ ಯಾವಾಗ ಮುಗಿದಿದೆ, ಬ್ಯಾಂಕಿನ ಸಾಲ ಇನ್ನೂ ಅದರ ಮೇಲೆ ಕೂತಿದೆಯಾ ಅನ್ನುವುದು ತಿಳಿಯುತ್ತದೆ. ಸಾಲ ತೀರಿ ಎಷ್ಟೋ ವರ್ಷ ಆಗಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರುವುದಿಲ್ಲ. ಇದು ತುಂಬಾ ಕಡೆ ಇದೆ. ಬ್ಯಾಂಕಿನ ಎನ್ಒಸಿ ಜೊತೆ ಫಾರ್ಮ್ 35 ಕೊಡಬೇಕು. ಹೆಸರು ಬದಲಿಸಲು ಫಾರ್ಮ್ 29 ಮತ್ತು 30.

ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಬೇಕು. ಅದು ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಬಿಳಿ ಬೋರ್ಡಾದರೆ 15 ವರ್ಷದ ನಂತರ ಫಾರ್ಮ್ 25 ಕೊಟ್ಟು ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ಮುಂದುವರಿಸಬೇಕು. 2022ರ ಏಪ್ರಿಲ್ 1ರಿಂದ ಹಳೇ ಗಾಡಿಗಳ ಫೀಸು ಚೆನ್ನಾಗಿಯೇ ಏರಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಾಕಿ ತೆರಿಗೆ ಇದೆಯಾ ಅಂತ ನಿಮ್ಮ ಆರ್‌ಟಿಒದಲ್ಲೇ ಕೇಳಿ. ಕೆಎ-25 ಆದರೆ ಧಾರವಾಡ, ಕೆಎ-63 ಆದರೆ ಹುಬ್ಬಳ್ಳಿ, ಕೆಎ-26 ಗದಗ, ಕೆಎ-27 ಹಾವೇರಿ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೂ ಈಗ ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟ್ ಬೇಕು.

ಕಾಗದದ ಕೆಲಸಕ್ಕೆ ಸೇರಿದ್ದೇ ಇನ್ನೊಂದು ಮಾತು. ಚಾಸಿ ನಂಬರ್ ಎಲ್ಲಿದೆ ಅಂತ ಮೊದಲ ದಿನವೇ ಹುಡುಕಿ. ಬಟ್ಟೆಯಿಂದ ಒರೆಸಿ, ಫೋಟೋ ತೆಗೆದು, ಮೇಲೆ ಗ್ರೀಸ್ ಸವರಿ ಟೇಪ್ ಹಚ್ಚಿ. ತುಕ್ಕು ತೆಗೆಯುವ ಭರದಲ್ಲಿ ಅದರ ಮೇಲೆ ಗ್ರೈಂಡರ್ ಆಡಿಸಿದರೆ ಮುಂದಿನ ಕಥೆ ಆರ್‌ಟಿಒ ಬಾಗಿಲಲ್ಲೇ ಮುಗಿಯುತ್ತದೆ.

ಜಾಗ ಮತ್ತು ಸಾಮಾನು

ಗಾಡಿಯ ಸುತ್ತ ನಾಲ್ಕೂ ಕಡೆ ಮೂರು ಅಡಿ ಜಾಗ, ಮೇಲೆ ತಗಡು ಅಥವಾ ತಾಡಪತ್ರಿ, ಕೆಳಗೆ ಗಟ್ಟಿ ನೆಲ. ಫರಸಿ ಹಾಸಿದ್ದರೆ ಕೆಳಗೆ ಟೊಳ್ಳು ಇದೆಯಾ ಬಡಿದು ನೋಡಿ. ಜಾಕ್ ಎತ್ತಿದಾಗ ಫರಸಿ ಒಡೆಯುತ್ತದೆ. ಬರೀ ಮಣ್ಣಿನ ನೆಲವಾದರೆ ಜಾಕ್ ಕೆಳಗೆ ದಪ್ಪ ಮರದ ಹಲಗೆ ಬೇಕೇ ಬೇಕು.

ಜಾಕ್ ಮೇಲಿರುವ ಗಾಡಿಯ ಕೆಳಗೆ ಯಾವತ್ತೂ ನುಗ್ಗಬೇಡಿ. ಕಬ್ಬಿಣದ ಜಾಕ್ ಸ್ಟ್ಯಾಂಡ್ ನಾಲ್ಕು ತಂದುಬಿಡಿ, ಚಾಸಿಯ ಕೆಳಗೆ ಕೊಡಿ. ಇಟ್ಟಿಗೆ, ಸಿಮೆಂಟಿನ ಹಾಲೋ ಬ್ಲಾಕ್ ಇಡುವವರನ್ನು ನೋಡಿದ್ದೇನೆ. ಅವು ಬಾಗುವುದಿಲ್ಲ, ಹೇಳದೆ ಕೇಳದೆ ಒಮ್ಮೆಲೇ ಪುಡಿಯಾಗುತ್ತವೆ.

ಪಾನಾ ಸೆಟ್, ಸಾಕೆಟ್ ಸೆಟ್, ಮೂರು ಅಡಿಯ ಪೈಪ್, ಟಾರ್ಕ್ ಪಾನಾ, ಮಲ್ಟಿಮೀಟರ್, ನಾಲ್ಕು ಇಂಚಿನ ಗ್ರೈಂಡರ್, ತಂತಿ ಬ್ರಶ್, ಕನ್ನಡಕ. ಇಷ್ಟು ನಿಮ್ಮದೇ ಇರಲಿ. ವೆಲ್ಡಿಂಗ್, ಲೇತ್, ಪಂಪ್ ಕೆಲಸ ಹೊರಗಿನವರಿಗೆ ಕೊಡಿ. ಗೋಕುಲ ರಸ್ತೆ, ತಾರಿಹಾಳದ ಇಂಡಸ್ಟ್ರಿಯಲ್ ಎಸ್ಟೇಟುಗಳು ಹತ್ತಿರವಿರುವಾಗ ಲೇತ್ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗುವುದು ಹಟ ಅಷ್ಟೇ.

ಬಿಚ್ಚಿದ್ದನ್ನೆಲ್ಲ ಫೋಟೋ ತೆಗೆಯಿರಿ. ಆದರೆ ಫೋಟೋ ಒಂದೇ ಸಾಲದು. ನಾನು ಮದುವೆಮನೆಯ ತಾಂಬೂಲದ ಚೀಲಗಳನ್ನು ಕೂಡಿಟ್ಟಿದ್ದೆ. ಒಂದೊಂದರಲ್ಲಿ ಒಂದೊಂದು ಭಾಗದ ನಟ್ಟು ಬೋಲ್ಟು ಹಾಕಿ, "ಎಡ ಹಿಂದಿನ ಬ್ರೇಕ್" ಅಂತ ಚೀಟಿ ಬರೆದು ಗೋಡೆಗೆ ಸಾಲಾಗಿ ನೇತುಹಾಕಿದೆ. ಹೆಂಡತಿ ಬಂದವರಿಗೆಲ್ಲ ಇದೇ ನಮ್ಮ ಮನೆ ಫ್ರಿಜ್ಜಿಗಿಂತ ಕಿಮ್ಮತ್ತಿನದು ಅಂತ ತೋರಿಸುತ್ತಿದ್ದಳು.

ಎರಿ ಮಣ್ಣು ಕೀಳುವುದು

ನಮ್ಮ ಕಡೆಯ ಗಾಡಿಗಳ ದೊಡ್ಡ ಶತ್ರು ಸಮುದ್ರದ ಗಾಳಿಯಲ್ಲ, ಎರಿ ಮಣ್ಣು. ಅಣ್ಣಿಗೇರಿ, ನವಲಗುಂದ, ಗದಗದ ಎರಿ ಹೊಲದಲ್ಲಿ ಮಳೆಗಾಲಕ್ಕೆ ಒಮ್ಮೆ ಗಾಡಿ ಇಳಿಸಿದರೆ ಮಡ್‌ಗಾರ್ಡ್ ಒಳಗೆ, ಚಾಸಿಯ ಸಂದಿಯಲ್ಲಿ, ಲೀಫ್ ಸ್ಪ್ರಿಂಗ್ ಪಟ್ಟಿಗಳ ನಡುವೆ ಹಿಟ್ಟು ನಾದಿ ಮೆತ್ತಿದ ಹಾಗೆ ಕೂರುತ್ತದೆ. ಮೇಲೆ ಒಣಗಿ ಕಲ್ಲಾಗುತ್ತದೆ, ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ತುಕ್ಕು ಹುಟ್ಟುವುದು ಅಲ್ಲೇ.

ನೀರು ಹೊಡೆದು ತೊಳೆಯುವ ಮೊದಲು ಒಣಗಿದ್ದಾಗಲೇ ಕೀಳಿ. ಮೊಂಡ ಉಳಿ, ಸುತ್ತಿಗೆ, ಹಳೇ ಸ್ಕ್ರೂಡ್ರೈವರ್ ಸಾಕು. ನಮ್ಮ ಗಾಡಿಯ ಎಡಗಡೆ ಚಾಸಿಯ ಹಿಂದಿನ ತಿರುವಿನಲ್ಲಿ ಒಂದು ಬಕೆಟ್ ತುಂಬ ಮಣ್ಣು ಬಂತು. ಕೊನೆಯ ಹೆಂಟೆ ಮೊಸರನ್ನದ ಗಡ್ಡೆಯ ಹಾಗೆ ಇಡಿಯಾಗಿ ಕಿತ್ತುಬಂತು. ಅದರ ಒಳಮೈಗೆ ಕಂದು ಬಣ್ಣದ ಹಾಳೆಯೊಂದು ಅಂಟಿತ್ತು. ಒಣಗಿದ ಎಲೆ ಅಂದುಕೊಂಡೆ. ಬೆರಳಲ್ಲಿ ಹಿಡಿದಾಗ ತಿಳಿಯಿತು, ಅದು ಚಾಸಿಯ ಕಬ್ಬಿಣದ್ದೇ ಪದರ.

ಮಣ್ಣು ಹೋದ ಮೇಲೆ ಅರ್ಧ ಅಡಿಗೊಂದು ಕಡೆ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತಿಂದುಹೋದ ಕಡೆ ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಒಳಗೆ ಹೋದರೆ ಚಾಕ್‌ಪೀಸಿನಿಂದ ಗುರುತು ಹಾಕಿ. ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್, ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗ, ಕ್ಯಾಬಿನ್ ಮೌಂಟ್, ಈ ಮೂರು ಕಡೆ ಎರಡೆರಡು ಸಲ ನೋಡಿ. ಇಲ್ಲಿ ನಿಮಗೆ ನಿಜವಾದ ತೀರ್ಮಾನ ಸಿಗುತ್ತದೆ. ಒಂದೆರಡು ಕಡೆ ಗೇಣುದ್ದದ ಹಾನಿಯಾಗಿದ್ದರೆ ಕೆಲಸ ಮುಂದುವರಿಸಬಹುದು. ಎರಡೂ ಕಡೆಯ ಉದ್ದಕ್ಕೂ ಮೆತ್ತಗಾಗಿದ್ದರೆ ಗುಜರಿಯವನಿಗೆ ಫೋನ್ ಮಾಡಿ, ಬೇಜಾರಾದರೂ ಅದೇ ಸರಿ.

ಚಾಸಿ ವೆಲ್ಡಿಂಗನ್ನು ಲಾರಿ ಚಾಸಿ ಕೆಲಸ ಮಾಡಿ ಗೊತ್ತಿರುವವರಿಂದಲೇ ಮಾಡಿಸಿ. ಗೇಟು, ಗ್ರಿಲ್ ಮಾಡುವವರು ಬೇಡ. ತಿಂದ ಭಾಗವನ್ನು ಕತ್ತರಿಸಿ ತೆಗೆದು ಅಷ್ಟೇ ದಪ್ಪದ ಪ್ಲೇಟ್ ಕೂರಿಸಬೇಕು, ತುಕ್ಕಿನ ಮೇಲೆ ತೇಪೆ ಹಾಕಿದರೆ ನಿಲ್ಲುವುದಿಲ್ಲ. ಪ್ಲೇಟಿನ ತುದಿ ನೇರವಾಗಿ ಕಡಿದಿರದೆ ಓರೆಯಾಗಿರಲಿ. ನೇರ ಅಂಚಿನ ಗುಂಟ ವೆಲ್ಡಿಂಗ್ ಬಿದ್ದರೆ ಭಾರ ಹೇರಿದಾಗ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ಚಾಸಿಯ ಮೇಲಿನ, ಕೆಳಗಿನ ಅಂಚುಗಳಲ್ಲಿ ತೂತು ಕೊರೆಯಲು ಬಿಡಬೇಡಿ. ವೆಲ್ಡಿಂಗ್ ಶುರುವಾಗುವ ಮೊದಲು ಬ್ಯಾಟರಿಯ ಎರಡೂ ವೈರು, ಆಲ್ಟರ್ನೇಟರ್ ವೈರು ಬಿಚ್ಚಿ. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ.

ಉಳಿದ ಕಡೆ ತಂತಿ ಬ್ರಶ್ ಹೊಡೆದು, ತುಕ್ಕಿಗೆ ಹಚ್ಚುವ ಫಾಸ್ಫಾರಿಕ್ ಆ್ಯಸಿಡ್ ದ್ರಾವಣ ಸವರಿ, ಅದು ಪೂರ್ತಿ ಒಣಗಿದ ಮೇಲೆ ಪ್ರೈಮರ್ ಎರಡು ಕೈ, ಅದರ ಮೇಲೆ ಕಪ್ಪು ಚಾಸಿ ಪೇಂಟ್. ನೀರು ಇಳಿದು ಹೋಗಲೆಂದು ಚಾಸಿಯಲ್ಲಿ ಇರುವ ತೂತುಗಳನ್ನು ಮುಚ್ಚಿಬಿಡಬೇಡಿ.

ಇಂಜಿನ್: ಕೀಲಿ ಕೈ ಮನೆಯೊಳಗೆ ಇಡಿ

ಕಾಕಾ ಪ್ರತಿ ಸಲ ಫೋನ್ ಮಾಡಿದಾಗಲೂ ಕೇಳುವುದು ಒಂದೇ. "ಏನೋ ತಮ್ಮಾ, ಚಾಲೂ ಆತನು?" ಆಗಿರಲಿಲ್ಲ. ಆಗಿಸಿರಲಿಲ್ಲ ಕೂಡ.

ಮೊದಲು ಏರ್ ಕ್ಲೀನರ್ ತೆರೆದೆ. ಒಳಗೆ ಹತ್ತಿ, ಜೋಳದ ಹೊಟ್ಟು, ತುಂಡು ತುಂಡಾದ ಒಂದು ಕ್ಯಾಲೆಂಡರ್ ಹಾಳೆ, ನಡುವೆ ಒಣಗಿದ ಇಲಿಮರಿ ಎರಡು. ಸೆಲ್ಫ್ ಹೊಡೆದಿದ್ದರೆ ಇದೆಲ್ಲ ನೇರ ಸಿಲಿಂಡರಿಗೆ. ಸೈಲೆನ್ಸರ್ ಪೈಪಿನ ಬಾಯಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಎರಡೂ ಬಾಯಿ ಸ್ವಚ್ಛ ಮಾಡುವವರೆಗೆ ಮುಂದಿನ ಮಾತೇ ಇಲ್ಲ.

ನಮ್ಮದು 2523 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್. ಬೋರ್ 88.9 ಎಂಎಂ, ಸ್ಟ್ರೋಕ್ 101.6 ಎಂಎಂ, ಅಂದರೆ ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ಆ ಲೆಕ್ಕ ನೋಡಿದರೇ ಹಳೇ ಕಾಲದ ಇಂಜಿನ್ ಅಂತ ತಿಳಿಯುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಮನೆಯಲ್ಲಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಇಂಜಿನ್ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ನೋಝಲ್ ಬಿಚ್ಚಿ ತೆಗೆಯಿರಿ. ತೆಗೆಯುವ ಮೊದಲು ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ, ಇಲ್ಲದಿದ್ದರೆ ಅದು ಒಳಗೆ ಬೀಳುತ್ತದೆ. ಆ ತೂತಿನಲ್ಲಿ ಒಂದೊಂದು ಸಿಲಿಂಡರಿಗೆ ನಾಲ್ಕೈದು ಚಮಚ ಎಣ್ಣೆ ಬಿಡಿ. ಡೀಸೆಲ್ ಮತ್ತು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಸಮಸಮ ಬೆರೆಸಿದರೆ ಸಾಕು. ತೂತಿಗೆ ಬಟ್ಟೆ ತುರುಕಿ ಮೂರು ದಿನ ಬಿಡಿ. ಆಮೇಲೆ ಗೇರ್ ನ್ಯೂಟ್ರಲ್‌ಗೆ ಹಾಕಿ, ಇಂಜಿನ್ನಿನ ಮುಂದಿರುವ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸಾಕೆಟ್ ಕೊಟ್ಟು ಕೈಯಿಂದ ತಿರುಗಿಸಿ. ಗಾಡಿಯ ಮುಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ.

ತಿರುಗದಿದ್ದರೆ ಉದ್ದ ಪೈಪ್ ಹಾಕಿ ಜಗ್ಗಬೇಡಿ. ಇನ್ನಷ್ಟು ಎಣ್ಣೆ, ಇನ್ನೂ ಮೂರು ದಿನ. ನಮ್ಮದು ಎರಡನೇ ಶನಿವಾರ ಒಂದು ಕೂದಲೆಳೆಯಷ್ಟು ಅಲುಗಿತು. ಹಿಂದೆ, ಮುಂದೆ, ಹಿಂದೆ, ಮುಂದೆ ಅಂತ ಅರ್ಧ ಗಂಟೆ ಆಡಿಸಿದ ಮೇಲೆ ಪೂರ್ತಿ ಒಂದು ಸುತ್ತು ಬಂತು. ಎರಡು ಸುತ್ತು ಎಲ್ಲೂ ಸಿಕ್ಕಿಕೊಳ್ಳದೆ ಬಂದರೆ ನಾಲ್ಕೂ ಸಿಲಿಂಡರು, ಎಲ್ಲ ವಾಲ್ವುಗಳು ಒಂದು ಸಲ ಕೆಲಸ ಮಾಡಿದವು ಅಂತ ಲೆಕ್ಕ. ವಾಲ್ವ್ ಕವರ್ ತೆಗೆದು, ವಾಲ್ವುಗಳನ್ನು ಒತ್ತುವ ಎಲ್ಲ ರಾಕರ್‌ಗಳೂ ಏರಿ ಇಳಿಯುತ್ತವಾ ನೋಡಿ.

ಈಗ ಎಣ್ಣೆ. ಹಳೇ ಇಂಜಿನ್ ಆಯಿಲ್ ಇಳಿಸಿದಾಗ ಹಾಲು ಹಾಕಿದ ಕಾಫಿಯ ಬಣ್ಣ ಬಂದರೆ ನೀರು ಸೇರಿದೆ, ಹೆಡ್ ತೆಗೆಯದೆ ವಿಧಿಯಿಲ್ಲ. ಬರೀ ಕಪ್ಪಾಗಿದ್ದರೆ ಸಂತೋಷ. ಹೊಸ ಫಿಲ್ಟರ್, ಹೊಸ 15ಡಬ್ಲ್ಯು-40 ಡೀಸೆಲ್ ಇಂಜಿನ್ ಆಯಿಲ್ ಹಾಕಿ. ನೋಝಲ್ ಇನ್ನೂ ಹೊರಗೇ ಇರಲಿ, ಡೀಸೆಲ್ ಬಂದ್ ಇರಲಿ. ಈಗ ಬ್ಯಾಟರಿ ಕೊಟ್ಟು ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಮಧ್ಯೆ ಸೆಲ್ಫ್ ಮೋಟರ್ ತಣ್ಣಗಾಗಲು ಬಿಡಿ. ಸಿಲಿಂಡರಿನಲ್ಲಿ ಉಳಿದ ಎಣ್ಣೆ ಪಿಚಕಾರಿಯ ಹಾಗೆ ಮೇಲಕ್ಕೆ ಹಾರುತ್ತದೆ, ಮುಖ ಒಡ್ಡಿ ನಿಲ್ಲಬೇಡಿ. ಈ ಎಣ್ಣೆ ಹೊರಗೆ ಹೋಗದೆ ನೋಝಲ್ ಕೂರಿಸಿ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್ ದೀಪ ಆರುವವರೆಗೆ ಹೀಗೇ ಮಾಡಿ.

ಕಂಪ್ರೆಷನ್ ನೋಡಬೇಕಾದರೆ ಡೀಸೆಲ್ ಇಂಜಿನ್ನಿನ ಮೀಟರನ್ನೇ ತನ್ನಿ. ಪೆಟ್ರೋಲ್ ಗಾಡಿಯದ್ದು ಇಷ್ಟು ಒತ್ತಡ ತಡೆಯುವುದಿಲ್ಲ. ನಾಲ್ಕೂ ಸಿಲಿಂಡರಿನ ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಇಂಜಿನ್ ಬಿಚ್ಚುವ ಆಸೆ ಬಿಟ್ಟುಬಿಡಿ.

ಡೀಸೆಲ್ ದಾರಿ

ಟ್ಯಾಂಕ್ ತಳದಲ್ಲಿ ಕಾಕಂಬಿಯಂಥ ಕಪ್ಪು ಕೆಸರು ಇರುತ್ತದೆ. ಹಳೇ ಡೀಸೆಲ್, ನೀರು, ಅದರಲ್ಲಿ ಬೆಳೆಯುವ ಪಾಚಿಯಂಥದ್ದು ಎಲ್ಲ ಸೇರಿ ಆದದ್ದು. ಟ್ಯಾಂಕ್ ಇಳಿಸಿ, ಸ್ವಲ್ಪ ಹೊಸ ಡೀಸೆಲ್ ಜೊತೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಚೆನ್ನಾಗಿ ಅಲ್ಲಾಡಿಸಿ ಸುರಿಯಿರಿ. ಹಾಕುವಾಗ ನಟ್ಟು ಎಣಿಸಿಕೊಳ್ಳಿ. ನಾನು ಎಣಿಸಿರಲಿಲ್ಲ, ಒಂದು ನಟ್ಟು ಈಗಲೂ ಒಳಗಿದೆಯೋ ಇಲ್ಲವೋ ಅನ್ನುವ ಅನುಮಾನದಲ್ಲೇ ಗಾಡಿ ಓಡಿಸುತ್ತಿದ್ದೇನೆ. ಟ್ಯಾಂಕ್ ತೂತಾಗಿದ್ದರೆ ಮನೆಯಲ್ಲಿ ವೆಲ್ಡ್ ಮಾಡಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ಸಿಡಿಯುತ್ತದೆ.

ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿ. ನೋಝಲ್ ಮತ್ತು ಪಂಪನ್ನು ಡೀಸೆಲ್ ಪಂಪ್ ಕೆಲಸದವರ ಬಳಿ ಒಯ್ದು ಟೆಸ್ಟ್ ಬೆಂಚಿನ ಮೇಲೆ ನೋಡಿಸಿ. ಪಂಪ್ ಬಿಚ್ಚುವ ಮುಂಚೆ ಅದರ ಟೈಮಿಂಗ್ ಗುರುತಿನ ಫೋಟೋ ತೆಗೆದಿಡಿ. ನೋಝಲ್ ಮತ್ತೆ ಕೂರಿಸುವಾಗ ಹೊಸ ತಾಮ್ರದ ವಾಷರ್ ಹಾಕಿ. ನೋಝಲ್ ಉಗುಳುವ ಡೀಸೆಲ್‌ಗೆ ಬೆರಳು ಅಡ್ಡ ಹಿಡಿಯಬೇಡಿ. ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ಹೋದರೆ ನೋವಿಲ್ಲ ಅಂತ ಸುಮ್ನೆ ಕೂರದೆ ಕೂಡಲೇ ಆಸ್ಪತ್ರೆಗೆ ಓಡಿ.

ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕ್ರಮ ಹೀಗೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿ, ಗುಳ್ಳೆ ನಿಂತಾಗ ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹಾಗೇ ಮಾಡಿ. ಕೊನೆಗೆ ನೋಝಲ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಬಂದಾಗ ಬಿಗಿಯಿರಿ.

ಸ್ಟಾರ್ಟ್ ಮಾಡುವ ದಿನ ಇನ್ನೊಬ್ಬರು ಜೊತೆಗಿರಲಿ, ಅವರ ಕೈಯಲ್ಲಿ ಒಂದು ಪ್ಲೈವುಡ್ ತುಂಡು ಇರಲಿ. ಹಳೇ ಪಂಪಿನೊಳಗೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ರ‍್ಯಾಕ್ ಸಿಕ್ಕಿಕೊಂಡರೆ ಇಂಜಿನ್ ರೇಸ್ ಏರುತ್ತಲೇ ಹೋಗುತ್ತದೆ, ಕೀಲಿ ತೆಗೆದರೂ ನಿಲ್ಲುವುದಿಲ್ಲ. ಗಾಳಿ ಎಳೆಯುವ ಬಾಯಿಗೆ ಪ್ಲೈವುಡ್ ಒತ್ತಿದರೆ ಉಸಿರುಗಟ್ಟಿ ನಿಲ್ಲುತ್ತದೆ. ಅಂಗೈ ಒತ್ತಬೇಡಿ.

ಶುರುವಿನಲ್ಲಿ ಬಿಳಿ ಹೊಗೆ ಬಂದರೆ ಹೆದರಬೇಡಿ, ಇಂಜಿನ್ ಬಿಸಿಯಾದಂತೆ ಕಡಿಮೆಯಾಗಬೇಕು. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಒಂದೇ ಸಮನೆ ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ.

ನೀರು ಮತ್ತು ಗೇರ್ ಆಯಿಲ್

ನಮ್ಮ ಕಡೆ ರೇಡಿಯೇಟರಿಗೆ ಬೋರಿನ ಸವಳು ನೀರು ಹಾಕುವ ಚಾಳಿ ಇದೆ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ವಾ, ಇಂಜಿನ್ನಿನೊಳಗೂ ಅದೇ ಆಗುತ್ತದೆ. ರೇಡಿಯೇಟರ್ ಬಿಚ್ಚಿ ತೊಳೆಸಿ, ಹೋಸ್ ಪೈಪು, ಥರ್ಮೋಸ್ಟಾಟ್ ಹೊಸದು ಹಾಕಿ. ಇಂಜಿನ್ ಬ್ಲಾಕಿನ ಪಕ್ಕದಲ್ಲಿ ಬಿಲ್ಲೆಯಂಥ ತಗಡಿನ ಪ್ಲಗ್ಗುಗಳಿರುತ್ತವೆ, ಅವು ಒಳಗಿನಿಂದ ತಿಂದುಹೋಗಿ ಸೋರುತ್ತವೆ. ಇಂಜಿನ್ ಕೆಳಗಿಳಿಸಿದ್ದರೆ ಎಲ್ಲವನ್ನೂ ಬದಲಿಸಿಬಿಡಿ. ಕೂಲಂಟನ್ನು ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ ಹಾಕಿ.

ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಡಿಫರೆನ್ಷಿಯಲ್) ಎರಡರಲ್ಲೂ ಆಯಿಲ್ ಬದಲಿಸಿ. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಕೆಳಗಿನ ಬೂಚು ಬಿಚ್ಚಿ ಹಳೇ ಆಯಿಲ್ ಇಳಿಸಿದೆ. ಆಮೇಲೆ ನೋಡಿದರೆ ಮೇಲಿನ, ಆಯಿಲ್ ಹಾಕುವ ಬೂಚು ಬರುತ್ತಿಲ್ಲ. ಅದನ್ನು ತೆಗೆಯಲು ನಟ್ಟು ವೆಲ್ಡ್ ಮಾಡಿಸಿ ತಿರುಗಿಸಬೇಕಾಯಿತು, ಒಂದು ವಾರ ಹೋಯಿತು. ಯಾವಾಗಲೂ ಮೊದಲು ಹಾಕುವ ಬೂಚು ತೆಗೆಯಿರಿ, ಅದು ಬಂದ ಮೇಲೆ ಇಳಿಸುವ ಬೂಚು.

ಬ್ರೇಕ್: ಇಲ್ಲಿ ಉಳಿತಾಯ ಬೇಡ

ಇಂಜಿನ್ ಶಬ್ದ ಕೇಳಿದ ದಿನವೇ ಬೀದಿಗೆ ಒಂದು ಸುತ್ತು ಹೋಗಿಬರುವ ಮನಸ್ಸಾಗುತ್ತದೆ. ಬ್ರೇಕ್ ಕೆಲಸ ಮುಗಿಯುವವರೆಗೆ ಚಕ್ರಗಳನ್ನು ಬಿಚ್ಚಿಯೇ ಇಡಿ, ಆ ಮನಸ್ಸು ತಾನಾಗಿ ತಣ್ಣಗಾಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಒಂಬತ್ತು ವರ್ಷದ ತೇವ ಪೆಡಲಿನ ಬಳಿಯ ಮಾಸ್ಟರ್ ಸಿಲಿಂಡರಿನಲ್ಲಿ, ಚಕ್ರದ ಬಳಿಯ ವೀಲ್ ಸಿಲಿಂಡರಿನಲ್ಲಿ, ಪೈಪಿನಲ್ಲಿ ಕೂತಿರುತ್ತದೆ. ನಮ್ಮ ಗಾಡಿಯ ಹಿಂದಿನ ಡ್ರಮ್ ಬಿಚ್ಚಿದಾಗ ಲೈನಿಂಗ್ ಶೂ ಬಿಟ್ಟು ಡ್ರಮ್ಮಿಗೇ ಅಂಟಿಕೊಂಡು ಬಂತು. ಡ್ರಮ್ ಬರದಿದ್ದರೆ ಮೊದಲು ಬ್ರೇಕ್ ಅಡ್ಜಸ್ಟರ್ ಪೂರ್ತಿ ಸಡಿಲಿಸಿ. ಕೆಲವು ಡ್ರಮ್ಮುಗಳಲ್ಲಿ ಆಟೆ (ಸ್ಕ್ರೂ ಸುರುಳಿ) ಇರುವ ಎರಡು ತೂತು ಇರುತ್ತವೆ, ಅವುಗಳಲ್ಲಿ ಬೋಲ್ಟ್ ಹಾಕಿ ಎರಡನ್ನೂ ಸಮಸಮ ಬಿಗಿದರೆ ಡ್ರಮ್ ಹೊರಗೆ ಬರುತ್ತದೆ. ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ. ಹಳೇ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೇ ಕಟ್ಟಿ ಬಿಸಾಕಿ.

ಸಿಲಿಂಡರಿನ ಒಳಗೋಡೆಯಲ್ಲಿ ಉಗುರು ಆಡಿಸಿ ನೋಡಿ. ಉಗುರಿಗೆ ಗುಳಿ ಸಿಕ್ಕರೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಪೂರ್ತಿ ಸಿಲಿಂಡರೇ ಹೊಸದು ಬೇಕು. ರಬ್ಬರ್ ಹೋಸುಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತವೆ, ಎಲ್ಲವನ್ನೂ ಬದಲಿಸಿ. ಕಬ್ಬಿಣದ ಪೈಪಿನಲ್ಲಿ ತುಕ್ಕಿದ್ದರೆ ಬ್ರೇಕಿಗಾಗಿಯೇ ಮಾಡಿದ ಸ್ಟೀಲ್ ಪೈಪನ್ನೇ, ತುದಿ ಎರಡು ಮಡಿಕೆ ಅರಳಿಸಿದ್ದನ್ನೇ ಹಾಕಿಸಿ. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗ್ರೇಡಿನ ಹೊಸ ಬ್ರೇಕ್ ಆಯಿಲ್ ತನ್ನಿ. ತಪ್ಪಿ ಕೂಡ ಇಂಜಿನ್ ಆಯಿಲ್ ಮುಟ್ಟಿದ ಲಾಳಿಕೆ ಬಳಸಬೇಡಿ, ರಬ್ಬರ್ ಕಪ್ಪುಗಳು ಊದಿ ಬ್ರೇಕ್ ಹಿಡಿದುಕೊಳ್ಳುತ್ತದೆ.

ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುತ್ತಾ ಬನ್ನಿ. ನಮ್ಮ ಬಲಗಡೆ ಸ್ಟೀರಿಂಗಿನ ಗಾಡಿಗೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಸ್ಕ್ರೂ ತೆರೆದು ಮುಚ್ಚಬೇಕು. ನನ್ನ ಮಗಳು ಪೆಡಲ್ ಮೇಲೆ ಕಾಲಿಟ್ಟು ಕೂತು ಎರಡು ಭಾನುವಾರ "ಒತ್ತಿದೆ", "ಬಿಟ್ಟೆ" ಅಂತ ಕೂಗಿದ್ದಾಳೆ. ಪೆಡಲ್ ಕಲ್ಲಿನ ಹಾಗೆ ನಿಲ್ಲಬೇಕು. ಅರ್ಧ ನಿಮಿಷ ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗೆ ಇಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಹೋಗಿದೆ.

ಕ್ಲಚ್, ಟೈರ್, ವೈರಿಂಗ್

ಜಾರುತ್ತದೆ ಅಂತ ನಿಲ್ಲಿಸಿದ ಕ್ಲಚ್ ಈಗ ತುಕ್ಕು ಹಿಡಿದು ಫ್ಲೈವೀಲಿಗೆ ಕಚ್ಚಿಕೊಂಡಿತ್ತು. ಹೇಗೂ ಗೇರ್‌ಬಾಕ್ಸ್ ಇಳಿಸಲೇಬೇಕು. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿ. ಒಂದನ್ನು ಉಳಿಸಿದರೆ ಅದಕ್ಕಾಗಿಯೇ ಮತ್ತೊಮ್ಮೆ ಇಳಿಸಬೇಕಾಗುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3512 ಅಂದರೆ 2012ರ 35ನೇ ವಾರ. ಟೈರಿನ ಗುಂಡಿಗಳು (ಟ್ರೆಡ್) ಎಷ್ಟೇ ಆಳ ಇರಲಿ, ನಿಂತಲ್ಲೇ ಹತ್ತು ವರ್ಷ ಕಳೆದ ಟೈರ್ ಬೇಡ. ಸ್ಟೆಪ್ನಿಯನ್ನೂ ಮರೆಯಬೇಡಿ.

ವೈರಿಂಗನ್ನು ಇಲಿ ಎಲ್ಲೆಲ್ಲಿ ಕಡಿದಿದೆ ಅಂತ ಹುಡುಕಿ ತೇಪೆ ಹಾಕುತ್ತಾ ಕೂತರೆ ತಲೆ ಕೆಡುತ್ತದೆ. ಹಳೇ ಡೀಸೆಲ್ ಪಿಕಪ್ಪಿನ ವೈರಿಂಗ್ ಬಹಳ ಇಲ್ಲ, ಹೊಸ ಹಾರ್ನೆಸ್ ಎಳೆಸುವುದೇ ಲೇಸು. 60 ವಾಟಿನ ಎರಡು ಹೆಡ್‌ಲೈಟು ಹತ್ತು ಆಂಪಿಯರ್ ಎಳೆಯುತ್ತವೆ, ಅದು ಸ್ವಿಚ್ಚಿನ ಮೂಲಕ ಹೋಗದೆ ರಿಲೇ ಮೂಲಕ ಹೋಗಲಿ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ.

ಟಿಂಕರಿಂಗ್ ಮತ್ತು ಪೇಂಟ್

ಕೊನೆಗೆ ಪೇಂಟ್. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತಗಡು ಕೂರಿಸಿ. ತೂತಿನ ಮೇಲೆ ಪುಟ್ಟಿ ಬಳಿದು ಮುಚ್ಚುವ ಟಿಂಕರ್ ಸಿಕ್ಕರೆ ಚಹಾ ಕುಡಿಸಿ ಕಳಿಸಿಕೊಡಿ. ಪುಟ್ಟಿ ಇರುವುದು ಸಣ್ಣ ತಗ್ಗು ಸಮ ಮಾಡಲಿಕ್ಕೆ. ಹಿಂದಿನ ಬಾಡಿಯ ಹಾಸನ್ನು ಎತ್ತಿ ಅಡಿಯ ಕಬ್ಬಿಣದ ಪಟ್ಟಿಗಳನ್ನೂ ನೋಡಿ. ನಮ್ಮದರಲ್ಲಿ ಮೆಣಸಿನಕಾಯಿಯ ಬೀಜ ಸಂದಿಸಂದಿಯಲ್ಲಿ ತುಂಬಿತ್ತು, ಗ್ರೈಂಡರ್ ತಗುಲಿದ ಕೂಡಲೇ ಕೇರಿಯವರೆಲ್ಲ ಸೀನಿದರು.

80ರ ಪೇಪರಿನಿಂದ ಉಜ್ಜಲು ಶುರು ಮಾಡಿ, 180, 320 ದಾಟಿ, ಕೊನೆಗೆ ನೀರು ಹಾಕಿ 600. ಮನೆಯಲ್ಲಿ ಹೊಡೆಯುವವರಿಗೆ ನಾನು ಹೇಳುವುದು ಸಿಂಥೆಟಿಕ್ ಎನಾಮಲ್. ಪಿಯು (ಪಾಲಿಯುರೆಥೇನ್) ಪೇಂಟ್ ಹೊಳೆಯುತ್ತದೆ ನಿಜ. ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಆವಿಗೆ ಮೂಗಿಗೆ ಕಟ್ಟಿದ ಕರವಸ್ತ್ರ ಅಡ್ಡ ಬರುವುದಿಲ್ಲ. ಪಿಯು ಬೇಕೇ ಬೇಕಾದರೆ ಬೂತ್ ಇರುವ ಕಡೆ ಮಾಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಂಟ್ ಸುದ್ದಿಗೇ ಹೋಗಬೇಡಿ, ಹಸಿ ಗಾಳಿಗೆ ಹೊಳಪು ಮಂಕಾಗುತ್ತದೆ. ಚಳಿಗಾಲ ಒಳ್ಳೆಯದು. ಆದರೆ ಇಬ್ಬನಿ ಆರಿ ತಗಡು ಬೆಚ್ಚಗಾದ ಮೇಲೆ, ಬೆಳಗಿನ ಹತ್ತು ದಾಟಲಿ. ಬಣ್ಣ ಮಾತ್ರ ಆರ್‌ಸಿಯಲ್ಲಿರುವುದೇ ಇರಲಿ. ಬದಲಿಸಬೇಕಾದರೆ ಮೊದಲು ಆರ್‌ಟಿಒದಲ್ಲಿ ಬರೆಸಿಕೊಳ್ಳಿ.

ಮೊದಲ ಓಡಾಟ

ಅಂಗಳದಲ್ಲೇ ಹತ್ತು ಅಡಿ ಮುಂದೆ, ಬ್ರೇಕ್. ಹತ್ತು ಅಡಿ ಹಿಂದೆ, ಬ್ರೇಕ್. ಇಪ್ಪತ್ತು ಸಲ ಮಾಡಿ. ವಿಮೆ, ಫಿಟ್‌ನೆಸ್, ಹೊಗೆ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಐದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನ ಭಾಗಕ್ಕೆ ಕೈ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಬಿಸಿಯಾಗಿದ್ದರೆ ಆ ಬ್ರೇಕ್ ಬಿಡುತ್ತಿಲ್ಲ, ಅಥವಾ ಬೇರಿಂಗ್ ಬಿಗಿಯಾಗಿದೆ. ಚಕ್ರದ ನಟ್ಟುಗಳನ್ನು 50 ಕಿಲೋಮೀಟರಿಗೆ ಮತ್ತೆ ಬಿಗಿಯಿರಿ, ಸ್ಪ್ರಿಂಗಿನ ಯು ಬೋಲ್ಟುಗಳನ್ನೂ ಅವತ್ತೇ. 500 ಕಿಲೋಮೀಟರಿಗೆ ಇಂಜಿನ್ ಆಯಿಲ್ ಇನ್ನೊಮ್ಮೆ ಬದಲಿಸಿ. ಒಂಬತ್ತು ವರ್ಷದ ಕಿಟ್ಟ ಎಲ್ಲ ಅದರಲ್ಲಿ ಇಳಿದು ಬರುತ್ತದೆ.

ಹೆದ್ದಾರಿ 67ರಲ್ಲಿ ಅಣ್ಣಿಗೇರಿಗೆ ಮೊದಲ ಸಲ ಹೊರಟಾಗ ಎರಡು ಡೀಸೆಲ್ ಫಿಲ್ಟರ್, ಒಂದು ಫ್ಯಾನ್ ಬೆಲ್ಟ್, ಐದು ಲೀಟರ್ ಕೂಲಂಟ್ ಸೀಟಿನ ಹಿಂದೆ ಇಟ್ಟುಕೊಂಡಿದ್ದೆ. ಬೆಲ್ಟು, ಕೂಲಂಟು ಬೇಕಾಗಲಿಲ್ಲ. ಅರ್ಧ ದಾರಿಗೆ ಗಾಡಿ ಎಳೆತ ಕಳೆದುಕೊಂಡು ಜಗ್ಗತೊಡಗಿತು. ಟ್ಯಾಂಕಿನ ಕೆಸರು ಇನ್ನೂ ಮುಗಿದಿರಲಿಲ್ಲ. ಜಾಲಿಗಿಡದ ನೆರಳಿಗೆ ನಿಲ್ಲಿಸಿ ಫಿಲ್ಟರ್ ಬದಲಿಸಿದೆ, ಕೈಪಂಪ್ ಒತ್ತಿ ಗಾಳಿ ತೆಗೆದೆ. ಹೊಲದ ಮನೆ ಮುಟ್ಟಿದಾಗ ಕಾಕಾ ಗಾಡಿಯನ್ನು ನೋಡದೆ ನನ್ನ ಡೀಸೆಲ್ ಮೆತ್ತಿದ ಅಂಗಿ ನೋಡಿ ಕೇಳಿದರು: "ಕ್ಲಚ್ ಇನ್ನೂ ಜಾರತೈತೇನೊ?"